ಡ್ಯಾನ್ಸ್ ಕ್ಲಾಸಿನ ಬಾಗಿಲಿಗೆ ಚಾರ್ಟ್ ಪೇಪರ್ ಅಂಟ್ಸಿದ್ದಾರೆ, ನಾನೇ ಜಾಸ್ತಿ ಯೋಚ್ನೆ ಮಾಡ್ತಿದ್ದೀನಾ?

ಹೊರಗಿನ_ಬೆಂಚು:

ಎಲ್ಲರಿಗೂ ನಮಸ್ಕಾರ, ಇಲ್ಲಿ ತುಂಬಾ ದಿನದಿಂದ ಸುಮ್ನೆ ಓದ್ತಿದ್ದೆ, ಬರೀತಿರೋದು ಇದೇ ಮೊದಲು, ತಪ್ಪಿದ್ರೆ ಹೇಳಿ.

ನನ್ ಮಗಳಿಗೆ ಹತ್ತು ವರ್ಷ. ಡ್ಯಾನ್ಸು ನಾಟಕ ಎರಡೂ ಹೇಳ್ಕೊಡೋ ಒಂದು ಕ್ಲಾಸಿಗೆ ಎರಡು ವರ್ಷದಿಂದ ಹೋಗ್ತಿದ್ದಾಳೆ. ಈ ಸಲದ ಶೋನಲ್ಲಿ ಅವಳದ್ದೇ ಮುಖ್ಯ ಪಾತ್ರ, ಗೊತ್ತಾದ ದಿನ ಖುಷಿಗೆ ರಾತ್ರಿ ನಿದ್ದೇನೇ ಮಾಡ್ಲಿಲ್ಲ. ಮೇಷ್ಟ್ರು ಒಳ್ಳೆಯವ್ರು, ಅದನ್ನ ಮೊದಲೇ ಹೇಳ್ಬಿಡ್ತೀನಿ, ಮಕ್ಕಳಿಗೆಲ್ಲ ಅವ್ರು ಅಂದ್ರೆ ಜೀವ.

ಈಗ ವಿಷಯಕ್ಕೆ ಬರ್ತೀನಿ. ಮೊದಲೆಲ್ಲ ಹಾಲ್ ಬಾಗಿಲಲ್ಲಿರೋ ಗಾಜಿನ ಕಿಂಡಿಯಿಂದ ನಾವು ಹೊರಗೆ ಬೆಂಚ್ ಮೇಲೆ ಕೂತೋರು ಆಗಾಗ ನೋಡ್ತಿದ್ವಿ. ಹೋದ ತಿಂಗಳಿಂದ ಅದಕ್ಕೆ ಒಳಗಡೆಯಿಂದ ನೀಲಿ ಚಾರ್ಟ್ ಪೇಪರ್ ಅಂಟ್ಸಿದ್ದಾರೆ, ಪೇರೆಂಟ್ಸ್ ಇಣುಕ್ತಾ ಇದ್ರೆ ಮಕ್ಕಳ ಗಮನ ಹೋಗುತ್ತಂತೆ. ಸರಿ, ನಿಜ ಇರಬಹುದು, ನಮ್ಮಲ್ಲೂ ಕೆಲವ್ರು ಹೊರಗಿಂದಾನೇ ಕೈಕಾಲು ಆಡಿಸಿ ಸ್ಟೆಪ್ ಹೇಳ್ಕೊಡ್ತಿದ್ರು. ಆಮೇಲೆ ಮುಖ್ಯ ಪಾತ್ರ ಅಂತ ಇವಳೊಬ್ಬಳಿಗೇ ವಾರಕ್ಕೊಂದು ಸಲ ಕ್ಲಾಸ್ ಮುಗಿದ್ಮೇಲೆ ಅರ್ಧ ಗಂಟೆ ಎಕ್ಸ್ಟ್ರಾ ರಿಹರ್ಸಲ್, ಆಗ ಬೇರೆ ಯಾರೂ ಇರಲ್ಲ. ಮತ್ತೆ ಮನೇಲಿ ಇವಳ ಕೈಗೆ ನನ್ನ ಹಳೇ ಫೋನ್ ಕೊಟ್ಟಿದ್ದೀನಿ, ಅದಕ್ಕೆ ಮೇಷ್ಟ್ರು ನೇರವಾಗಿ ಮೆಸೇಜ್ ಮಾಡ್ತಾರೆ. ಎಲ್ಲಾ ಓದಿದ್ದೀನಿ, ಏನೂ ಕೆಟ್ಟದ್ದಿಲ್ಲ. 'ಇವತ್ತು ತುಂಬಾ ಚೆನ್ನಾಗಿ ಮಾಡ್ದೆ ಪುಟ್ಟಿ', 'ಎರಡನೇ ಸೀನ್ ಡೈಲಾಗ್ ಇನ್ನೊಂದ್ಸಲ ಓದ್ಕೋ', ಇಷ್ಟೇ. ಒಂದೇ ಒಂದು ಮೆಸೇಜ್ ಮಾತ್ರ ರಾತ್ರಿ ಹತ್ತೂವರೆಗೆ ಬಂದಿತ್ತು.

ಯಜಮಾನ್ರಿಗೆ ಹೇಳಿದ್ರೆ ನೀನು ಕಡ್ಡೀನ ಗುಡ್ಡ ಮಾಡ್ತೀಯ ಅಂತಾರೆ. ಆದ್ರೆ ನನಗೆ ಹೊಟ್ಟೆಯೊಳಗೆ ಒಂಥರಾ ಕಸಿವಿಸಿ. ಕೇಳಿದ್ರೆ ಮೇಷ್ಟ್ರಿಗೆ ಬೇಜಾರಾಗಿ ಪಾತ್ರ ಬೇರೆ ಮಗೂಗೆ ಹೋಗ್ಬಿಟ್ರೆ ಮಗಳು ನನ್ನ ಕ್ಷಮಿಸಲ್ಲ. ಕೇಳ್ದೇ ಇದ್ರೆ ನನಗೆ ನೆಮ್ಮದಿ ಇಲ್ಲ. ಹೇಗೆ ಕೇಳೋದು? ಕೇಳ್ಬೇಕಾ?

ನೇರಮಾತು:

ಕ್ಲಾಸ್ ಬಿಡ್ಸಿ. ಬೇರೆ ಕ್ಲಾಸ್ ಸಿಗುತ್ತೆ. ಇಷ್ಟುದ್ದ ಬರೆಯೋ ಅಷ್ಟು ಕಸಿವಿಸಿ ಇದೆ ಅಂದ್ರೆ ಉತ್ತರ ನಿಮಗೇ ಗೊತ್ತಿದೆ ಅಂತ ಅರ್ಥ.

ಹಳೇತಾಳ:

ಅಲ್ಲ ಸ್ವಾಮಿ, ಒಂದು ಚಾರ್ಟ್ ಪೇಪರ್ ಅಂಟ್ಸಿದ್ದಕ್ಕೆ ಕ್ಲಾಸ್ ಬಿಡ್ಸೋದಾ? ನಾನು ಹದಿನೆಂಟು ವರ್ಷದಿಂದ ಮಕ್ಕಳಿಗೆ ಸಂಗೀತ ಹೇಳ್ಕೊಡ್ತಿದ್ದೀನಿ, ಒಂದೊಂದು ಮಗೂನ ಎದುರಿಗೆ ಕೂರಿಸ್ಕೊಂಡು ಹೇಳ್ಕೊಟ್ರೇನೇ ಸ್ವರ ನಿಲ್ಲೋದು, ಗುಂಪಲ್ಲಿ ಯಾರು ಬೆಸುರ ಅಂತಾನೇ ಗೊತ್ತಾಗಲ್ಲ. ಈಗ ಎಲ್ಲಾ ಅಪ್ಪ ಅಮ್ಮಂದಿರೂ ಮೊಬೈಲಲ್ಲಿ ಏನೇನೋ ಓದಿ ಮೇಷ್ಟ್ರನ್ನೇ ಕಳ್ಳನ ಥರ ನೋಡೋಕೆ ಶುರು ಮಾಡಿದ್ರೆ ನಾಳೆ ಯಾರೂ ಹೇಳ್ಕೊಡೋಕೆ ಬರಲ್ಲ. ಡ್ಯಾನ್ಸಲ್ಲಂತೂ ಮುಟ್ಟದೇ ತಿದ್ದೋಕಾಗುತ್ತಾ? ಆ ತಾಯಿನೇ ಹೇಳ್ತಿದ್ದಾರೆ ಒಳ್ಳೆಯವ್ರು ಅಂತ. ಸುಮ್ನೆ ಒಬ್ಬರ ಹೆಸರಿಗೆ ಮಸಿ ಬಳೀಬೇಡಿ.

ಪರದೆಹಿಂದೆ:

ಹಳೇತಾಳ ಸರ್, ಇಲ್ಲಿ ಯಾರ ಹೆಸರೂ ಬರೆದಿಲ್ಲ, ಮಸಿ ಬಳಿಯೋಕೆ ಏನೂ ಇಲ್ಲ. ನಾನೂ ಮೇಷ್ಟ್ರು ಪೈಕಿನೇ, ಮಕ್ಕಳ ನಾಟಕ ಮಾಡ್ಸೋನು, ನಿಮ್ಮಷ್ಟು ವರ್ಷ ಆಗಿಲ್ಲ. ನೀವು ಹೇಳಿದ ಕಷ್ಟ ನನಗೂ ಗೊತ್ತು, ಆದ್ರೆ ನನಗೆ ಇದು ಉಲ್ಟಾ ಕಾಣುತ್ತೆ. ಬಾಗಿಲ ಕಿಂಡಿ ತೆರೆದಿರೋದು ಮಗೂನ ಎಷ್ಟು ಕಾಯುತ್ತೋ ನನ್ನನ್ನೂ ಅಷ್ಟೇ ಕಾಯುತ್ತೆ. ನಾಳೆ ಯಾರೋ ಏನೋ ಅಂದ್ರೆ ನನ್ನ ಪರ ಹೇಳೋಕೆ ಇನ್ನೊಬ್ಬ ದೊಡ್ಡೋರು ಅಲ್ಲೇ ಇದ್ರು ಅನ್ನೋದು ಸಣ್ಣ ವಿಷಯ ಅಲ್ಲ.

ಅಕ್ಕ, ನಾವು ಮಾಡೋ ಕ್ರಮ ಹೇಳ್ತೀನಿ, ನಿಮಗೆ ಕೇಳೋಕೆ ಮಾತು ಸಿಗಬಹುದು. ಮಕ್ಕಳಿದ್ದಾಗ ದೊಡ್ಡೋರು ಯಾವಾಗ್ಲೂ ಇಬ್ಬರು. ಇನ್ನೊಬ್ಬರು ಬರೋಕಾಗ್ಲಿಲ್ಲ ಅಂದ್ರೆ ಬಾಗಿಲು ಪೂರ್ತಿ ತೆಗೆದು ರಿಹರ್ಸಲ್, ಅದೂ ಹೊರಗೆ ಒಬ್ಬ ಪೇರೆಂಟ್ ಕೂತಿದ್ರೆ ಮಾತ್ರ. ಒಬ್ಬರಿಗೇ ಎಕ್ಸ್ಟ್ರಾ ಪ್ರಾಕ್ಟೀಸ್ ಬೇಕೇ ಬೇಕಾಗುತ್ತೆ, ಇಲ್ಲ ಅನ್ನಲ್ಲ, ಹಾಗಿದ್ದಾಗ ಆ ಸೀನಲ್ಲಿರೋ ಇನ್ನೊಂದು ಮಗೂನೂ ಕರೀತೀವಿ ಅಥವಾ ಕ್ಲಾಸಿಗೆ ಮುಂಚೆ ಇಡ್ತೀವಿ, ಯಾಕಂದ್ರೆ ಮುಂಚೆ ಆದ್ರೆ ಬೇರೆ ಮಕ್ಕಳು ಒಬ್ಬೊಬ್ರೇ ಬರ್ತಾ ಇರ್ತಾರೆ, ಹಾಲ್ ಖಾಲಿ ಇರಲ್ಲ. ಕ್ಲಾಸ್ ಮುಗಿದ್ಮೇಲೆ ಇಟ್ರೆ ಎಲ್ಲರೂ ಹೋಗಿರ್ತಾರೆ, ಲೈಟೂ ಅರ್ಧ ಆರಿರುತ್ತೆ. ಮೆಸೇಜ್ ಏನಿದ್ರೂ ಗ್ರೂಪಿಗೆ, ಗ್ರೂಪಲ್ಲಿ ಅಪ್ಪ ಅಮ್ಮ ಇರ್ತಾರೆ. ಒಂದು ಮಗು ನನಗೆ ನೇರವಾಗಿ ಮೆಸೇಜ್ ಮಾಡಿದ್ರೂ ನಾನು ಉತ್ತರ ಕೊಡೋದು ಅದರ ಅಮ್ಮನ ನಂಬರಿಗೆ.

ಮುಟ್ಟೋ ವಿಷಯ. ಮುಟ್ಟದೇ ಹೇಳ್ಕೊಡೋಕಾಗಲ್ಲ ಅನ್ನೋದನ್ನ ನಾನೂ ನಂಬಿದ್ದೆ. ಆಮೇಲೆ ಗೊತ್ತಾಯ್ತು ಮುಕ್ಕಾಲು ಭಾಗ ನನ್ನ ಸೋಮಾರಿತನ ಅಂತ. ಮೊದಲು ನನ್ನ ಮೈಮೇಲೇ ತೋರಿಸ್ತೀನಿ, ಭುಜ ಹೀಗಿದೆ ನೋಡು, ಹೀಗೆ ಮಾಡು ಅಂತ. ಆಗ್ಲಿಲ್ಲ ಅಂದ್ರೆ ಮಗೂಗೇ ಅದರ ಕೈನ ಅದರ ಸೊಂಟದ ಮೇಲೆ ಇಟ್ಕೊಳ್ಳೋಕೆ ಹೇಳ್ತೀನಿ. ಅದೂ ಆಗ್ಲಿಲ್ಲ ಅಂದ್ರೆ 'ಮೊಣಕೈ ಹಿಡಿದು ಎತ್ತಲಾ?' ಅಂತ ಕೇಳ್ತೀನಿ, ಬೇಡ ಅಂದ್ರೆ ಬಿಡ್ತೀನಿ, ಆ ಮಗು ಬೇಡ ಅಂದಿದ್ದಕ್ಕೆ ಮುಖ ಸಿಂಡರಿಸಬಾರ್ದು, ಅದೇ ಕಷ್ಟದ ಭಾಗ. ಒಂದ್ಸಲ ಒಬ್ಬ ಹುಡುಗ 'ಬೇಡ' ಅಂತ ಹೇಳಿ ಉಳಿದೋರ ಮುಖ ನೋಡ್ದ, ನಾನು 'ಸರಿ' ಅಂತ ಮುಂದಿನ ಸೀನಿಗೆ ಹೋದೆ, ಮುಂದಿನ ವಾರಕ್ಕೆ ಇನ್ನೂ ಮೂರು ಜನ 'ಬೇಡ' ಅನ್ನೋದು ಕಲಿತಿದ್ರು. ನನಗೆ ಸ್ವಲ್ಪ ಸಿಟ್ಟೂ ಬಂತು, ಸುಳ್ಳು ಹೇಳಲ್ಲ.

ಇನ್ನೊಂದು, ಯಾರೂ ಯೋಚ್ನೆ ಮಾಡದ ಜಾಗ ಅಂದ್ರೆ ಗ್ರೀನ್ ರೂಮ್. ಕ್ಲಾಸಲ್ಲಿ ಎಷ್ಟೇ ಶಿಸ್ತಿದ್ರೂ ಶೋ ದಿನ ಎಲ್ಲಾ ಗಾಳಿಗೆ ಹೋಗುತ್ತೆ. ಐವತ್ತು ಮಕ್ಕಳು, ಒಂದೇ ರೂಮು, ಪಿನ್ನು ಹುಡುಕೋರು ಒಬ್ರು, ಕಣ್ಣಿಗೆ ಕಾಡಿಗೆ ತೀಡೋರು ಒಬ್ರು, ಯಾರ ಅಪ್ಪನೋ ಕ್ಯಾಮೆರಾ ಹಿಡ್ಕೊಂಡು ಒಳಗೆ, ಸೌಂಡಿನವನು ಕಾಲರ್ ಮೈಕ್ ಹಿಡ್ಕೊಂಡು ಒಳಗೆ. ಆ ಮೈಕಿನ ವೈರು ಡ್ರೆಸ್ ಒಳಗಿಂದ ಹೋಗಿ ಸೊಂಟಕ್ಕೆ ಬ್ಯಾಟರಿ ಡಬ್ಬಿ ಸಿಗಿಸ್ಬೇಕು, ಅದನ್ನ ಯಾರು ಹಾಕ್ತಾರೆ ಅಂತ ಯಾವತ್ತಾದ್ರೂ ನೋಡಿದ್ದೀರಾ? ಗಡಿಬಿಡೀಲಿ ಯಾರು ಹತ್ತಿರ ಇದ್ದಾರೋ ಅವ್ರು. ಈಗ ನಾವು ಸೌಂಡಿನವ್ರಿಗೆ ವೈರ್ ಕೈಗೆ ಕೊಡಿ ಸಾಕು ಅಂತೀವಿ, ಮಗು ತಾನೇ ಒಳಗಿಂದ ಎಳ್ಕೊಳ್ಳುತ್ತೆ, ಚಿಕ್ಕ ಮಗು ಆದ್ರೆ ಅಮ್ಮ ಹಾಕ್ತಾರೆ. ಗ್ರೀನ್ ರೂಮಲ್ಲಿ ಫೋನು ಯಾರದ್ದೂ ಹೊರಗೆ ಬರೋ ಹಾಗಿಲ್ಲ, ನನ್ನದೂ. ಇಂಗ್ಲೆಂಡಲ್ಲಿ ಲೈಸೆನ್ಸ್ ಬೇಕಾಗೋ ಶೋಗಳಿಗೆ ಮಕ್ಕಳ ಜೊತೆಗಿರೋಕೆ ಅಂತಾನೇ ಒಪ್ಪಿಗೆ ಪಡೆದ ಜನ ಇರ್ಬೇಕು, ಒಬ್ಬರ ಕೈಗೆ 12 ಮಕ್ಕಳಿಗಿಂತ ಜಾಸ್ತಿ ಕೊಡೋ ಹಾಗಿಲ್ಲ ಅಂತ 2014ರ ನಿಯಮಾನೇ ಇದೆ. ಅದನ್ನ ಓದಿದ್ಮೇಲೆ ನಮ್ಮ ಶೋಗೂ ಲೆಕ್ಕ ಹಾಕಿದೆ, ಐವತ್ತು ಮಕ್ಕಳಿಗೆ ಐದು ಜನ ಬೇಕು, ನಾವು ಇದ್ದಿದ್ದು ಎರಡು ಜನ, ಅದ್ರಲ್ಲಿ ಒಬ್ಬ ಲೈಟಿನ ಹತ್ರ.

ಎರಡನೇಸಾಲು:

ನಾನು ಆ ಮಗು ಆಗಿದ್ದೋಳು, ಅದಕ್ಕೆ ಬರೀತಿದ್ದೀನಿ. ನನಗೆ ಯಾರೂ ಕೆಟ್ಟದಾಗಿ ಮುಟ್ಲಿಲ್ಲ. ಅದಕ್ಕೇ ಇಷ್ಟು ವರ್ಷ ಇದನ್ನ ದೂರು ಅಂತಾನೂ ಅಂದ್ಕೊಂಡಿರ್ಲಿಲ್ಲ. ನಮ್ಮ ಡ್ಯಾನ್ಸ್ ಟೀಚರ್ (ಹೆಂಗಸು, ಗಂಡಸ್ರೇ ಅಂತ ಅಂದ್ಕೋಬೇಡಿ) ಶೋಗೆ ಎರಡು ತಿಂಗಳು ಮುಂಚೆ ಹಾಲ್ ಮೂಲೇಲಿ ತೂಕದ ಮೆಷಿನ್ ಇಡ್ತಿದ್ರು. ಸಾಲಾಗಿ ನಿಂತ್ಕೊಂಡು ಹತ್ತಬೇಕು, ನಂಬರ್ ಜೋರಾಗಿ ಓದ್ತಿದ್ರು. ನಾನು ಹತ್ತೋಕೆ ಮುಂಚೆ ಕ್ಲಿಪ್ಪು, ಬಳೆ, ಕೊನೆಗೆ ಸಾಕ್ಸ್ ಸಹ ಬಿಚ್ಚಿಡ್ತಿದ್ದೆ, ಸಾಕ್ಸಿಗೆಷ್ಟು ತೂಕ ಇರುತ್ತೆ ಹೇಳಿ. ಕಾಲು ಪೂರ್ತಿ ಅಗಲ ಆಗ್ಲಿಲ್ಲ ಅಂದ್ರೆ ಇಬ್ಬರು ದೊಡ್ಡ ಹುಡುಗೀರು ಭುಜದ ಮೇಲೆ ಕೂತು ಒತ್ತಬೇಕು, ಅತ್ರೆ 'ನಾಟಕ ಸ್ಟೇಜ್ ಮೇಲೆ ಮಾಡು' ಅನ್ನೋರು, ಎಲ್ಲರೂ ನಗೋರು, ನಾನೂ ಬೇರೆಯವ್ರ ಸರದಿ ಬಂದಾಗ ನಗ್ತಿದ್ದೆ. ಹದಿನಾಲ್ಕಕ್ಕೆ ತೊಡೆ ಹಿಂದಿನ ಸ್ನಾಯು ಹರೀತು.

ಅಮ್ಮ ಹೊರಗೇ ಕೂತಿರ್ತಿದ್ಲು, ದಿನಾ. ಅವಳಿಗೆ ಏನೂ ಗೊತ್ತಿರ್ಲಿಲ್ಲ. ನಾನು ಹೇಳಿದ್ರೆ ಬಿಡ್ಸಿಬಿಡ್ತಾಳೆ ಅಂತ ಹೇಳ್ಲಿಲ್ಲ. ಅಕ್ಕ, ನೀವು 'ಮಗಳು ನನ್ನ ಕ್ಷಮಿಸಲ್ಲ' ಅಂತ ಬರ್ದಿದ್ದೀರಲ್ಲ, ಅದೇ ಲೆಕ್ಕಾಚಾರ ನಿಮ್ಮ ಮಗಳೂ ಒಳಗೆ ಮಾಡ್ತಿರ್ತಾಳೆ, ಹೇಳಿದ್ರೆ ಪಾತ್ರ ಹೋಗುತ್ತೆ ಅಂತ.

ವಿಯೆನ್ನಾ ಸ್ಟೇಟ್ ಓಪೆರಾದ ಬ್ಯಾಲೆ ಅಕಾಡೆಮಿ ಬಗ್ಗೆ 2019ರ ಡಿಸೆಂಬರ್‌ನಲ್ಲಿ ಒಂದು ವಿಶೇಷ ಸಮಿತಿ ವರದಿ ಕೊಡ್ತು, ಪ್ರಪಂಚದ ದೊಡ್ಡ ದೊಡ್ಡ ಹೆಸರುಗಳಲ್ಲಿ ಒಂದು ಅದು. ಸಣ್ಣ ಆಗೋಕೆ ಸಿಗರೇಟ್ ಸೇದಿ ಅಂತ ಮಕ್ಕಳಿಗೆ ಹೇಳಿದ್ರಂತೆ, ಹೆಸರಿನ ಜೊತೆಗೆ ಡ್ರೆಸ್ ಸೈಜ್ ಸೇರಿಸಿ ಕರೀತಿದ್ರಂತೆ. ಅದನ್ನ ಓದಿದ ದಿನ ನಾನು ಆ ತೂಕದ ಮೆಷಿನ್ ಬಗ್ಗೆ ಮೊದಲ ಸಲ ಅಮ್ಮನಿಗೆ ಹೇಳ್ದೆ. ಅವಳು ತುಂಬಾ ಹೊತ್ತು ಮಾತಾಡ್ಲಿಲ್ಲ.

ಹಳೇತಾಳ:

ಎರಡನೇಸಾಲು, ಓದಿದೆ ಕಣಮ್ಮ. ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ. ನಾನೂ ತಾಳ ತಪ್ಪಿದ್ರೆ ತೊಡೆ ಮೇಲೆ ಏಟು ಕೊಡ್ತಿದ್ದ ಕಾಲ ಇತ್ತು, ಈಗಿಲ್ಲ. ಆದ್ರೂ ನನ್ನ ಪ್ರಶ್ನೆ ಹಾಗೇ ಇದೆ, ಒಬ್ಬೊಬ್ಬರಿಗೇ ಹೇಳ್ಕೊಡೋ ವಿದ್ಯೆಗೆ ಇಬ್ಬರು ದೊಡ್ಡೋರನ್ನ ಎಲ್ಲಿಂದ ತರೋದು? ನನ್ನ ಹತ್ರ ಇರೋದೇ ಒಂದು ರೂಮು.

ಕೇಳೋಕಿವಿ:

ಸರ್, ಇಬ್ಬರು ಬೇಡ, ಬಾಗಿಲು ತೆಗೆದಿಡಿ, ಕಿಟಕಿ ಮುಚ್ಚಬೇಡಿ, ಅಪ್ಪ ಅಮ್ಮ ಯಾವಾಗ ಬೇಕಾದ್ರೂ ಒಳಗೆ ಬರ್ಬಹುದು ಅಂತ ಮೊದಲ ದಿನಾನೇ ಹೇಳಿ, ಒಂದು ಮಗೂದು ಮುಗಿಯೋ ಹೊತ್ತಿಗೆ ಮುಂದಿನ ಮಗು ಬಂದು ಕೂರೋ ಹಾಗೆ ಟೈಮ್ ಹಾಕಿ. ದುಡ್ಡು ಖರ್ಚಿಲ್ಲ. ಒಬ್ಬೊಬ್ಬರಿಗೇ ಹೇಳ್ಕೊಡೋ ಕಡೆ ಅಪಾಯ ಜಾಸ್ತಿ ಅನ್ನೋದು ನಮ್ಮ ಊಹೆ ಅಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ಸರ್ಕಾರ ನೇಮಿಸಿದ್ದ ಸ್ವತಂತ್ರ ವಿಚಾರಣಾ ಆಯೋಗ 2022ರ ಮಾರ್ಚಲ್ಲಿ ವಸತಿ ಶಾಲೆಗಳ ಬಗ್ಗೆ ಕೊಟ್ಟ ವರದೀಲಿ ಸಂಗೀತದ ವಿಶೇಷ ಶಾಲೆಗಳನ್ನ ಬೇರೆಯಾಗೇ ನೋಡಿದ್ರು. ಮೇಷ್ಟ್ರು ದೊಡ್ಡ ಹೆಸರಿನೋರು, ಮಗೂನ ಮುಂದಿನ ಭವಿಷ್ಯ ಅವ್ರ ಒಂದು ಮಾತಲ್ಲಿದೆ, ಪಾಠ ಮುಚ್ಚಿದ ರೂಮಲ್ಲಿ. ಈ ಮೂರೂ ಸೇರಿದಾಗ ಮಗು ಬಾಯಿ ಬಿಡೋದು ಕಷ್ಟ.

ನಾನು ಮಕ್ಕಳ ಕೌನ್ಸೆಲಿಂಗ್ ಮಾಡ್ತೀನಿ. ಹೊರಗಿನ_ಬೆಂಚು ಅವ್ರೇ, ನಿಮ್ಮ ಮೇಷ್ಟ್ರು ಹೇಗೆ ಅಂತ ನಾನು ಹೇಳೋಕಾಗಲ್ಲ, ನೀವೂ ಹೇಳೋಕಾಗಲ್ಲ, ಮುಖ ನೋಡಿ ಹೇಳೋ ವಿಷಯ ಅಲ್ಲ ಇದು. ಮಕ್ಕಳಿಗೆ ತೊಂದರೆ ಕೊಡೋರು ಬಹುಪಾಲು ಮಗೂಗೆ ಗೊತ್ತಿರೋರೇ, ಎಷ್ಟೋ ಸಲ ಅವ್ರು ಮೊದಲು ಒಲಿಸ್ಕೊಳ್ಳೋದು ಮಗೂನಲ್ಲ, ಮನೆಯವ್ರನ್ನ. ಆಮೇಲೆ ಈ ಮಗು ಸ್ಪೆಷಲ್ ಅಂತ ಉಳಿದೋರಿಂದ ಬೇರೆ ಮಾಡ್ತಾರೆ, ಸಣ್ಣ ಸಣ್ಣ ಗಿಫ್ಟ್, ನೇರ ಮೆಸೇಜು, 'ಇದು ನಮ್ಮಿಬ್ಬರಿಗೇ ಇರ್ಲಿ' ಅನ್ನೋ ತಮಾಷೆ, ಆ ಗುಟ್ಟು ಮಗು ಕಾಪಾಡ್ತು ಅಂದ್ರೆ ಇನ್ನೊಂದು ಹೆಜ್ಜೆ. ಪ್ರತಿ ಹೆಜ್ಜೇನೂ ಬಿಡಿಬಿಡಿಯಾಗಿ ನೋಡಿದ್ರೆ ಒಳ್ಳೆ ಮೇಷ್ಟ್ರು ಮಾಡೋ ಕೆಲಸದ ಥರಾನೇ ಕಾಣುತ್ತೆ, ಅದಕ್ಕೇ ನಿಮಗೆ ಗೊಂದಲ. ಹಾಗಾಗಿ ಮನುಷ್ಯನ ಬಗ್ಗೆ ಕೇಳ್ಬೇಡಿ, ವ್ಯವಸ್ಥೆ ಬಗ್ಗೆ ಕೇಳಿ. 'ನಿಮ್ಮ ಮೇಲೆ ಅನುಮಾನ ಇಲ್ಲ ಸರ್, ಆದ್ರೆ' ಅಂತ ಶುರು ಮಾಡ್ಲೇಬೇಡಿ, ಅನುಮಾನ ಅನ್ನೋ ಪದಾನೇ ಬೇಡ. 'ನಮ್ಮನೇಲಿ ಮಗಳ ಫೋನಿಗೆ ದೊಡ್ಡೋರ ಮೆಸೇಜ್ ಬೇಡ ಅಂತ ನಿಯಮ ಮಾಡ್ಕೊಂಡಿದ್ದೀವಿ, ನನಗೇ ಕಳ್ಸಿ' ಅನ್ನಿ, ಮುಗೀತು. ಎಕ್ಸ್ಟ್ರಾ ರಿಹರ್ಸಲ್ ದಿನ ನಾನು ಒಳಗೇ ಕೂತಿರ್ತೀನಿ, ಮಾತಾಡಲ್ಲ ಅನ್ನಿ. ಅದಕ್ಕೆ ಬರೋ ಉತ್ತರ ಮುಖ್ಯ. ಸ್ವಲ್ಪ ಬೇಜಾರು ಮಾಡ್ಕೊಂಡ್ರೆ ಅದು ಮನುಷ್ಯ ಸಹಜ. ಆದ್ರೆ 'ನಿಮ್ಮ ಮಗಳು ಒಬ್ಬಳೇ ಇದ್ರೇನೇ ಅರಳೋದು' ಅಂತಲೋ, ಪಾತ್ರ ಕಿತ್ಕೊಳ್ಳೋ ಮಾತೋ ಬಂದ್ರೆ ಆಗ ನೇರಮಾತು ಹೇಳಿದ್ದನ್ನೇ ಮಾಡಿ.

ಮಗಳ ಹತ್ರ ಕೂರಿಸ್ಕೊಂಡು ವಿಚಾರಣೆ ಮಾಡ್ಬೇಡಿ. ಗಾಡೀಲಿ ಹೋಗ್ತಾನೋ ಜಡೆ ಹಾಕ್ತಾನೋ ಮುಖ ಮುಖ ನೋಡ್ದೇ ಇರೋವಾಗ ಕೇಳಿದ್ರೆ ಮಕ್ಕಳು ಮಾತಾಡ್ತಾರೆ. 'ಮೇಷ್ಟ್ರು ಏನಾದ್ರೂ ಮಾಡಿದ್ರಾ' ಅನ್ನೋ ಪ್ರಶ್ನೆ ಬೇಡ. 'ಎಕ್ಸ್ಟ್ರಾ ಪ್ರಾಕ್ಟೀಸಲ್ಲಿ ಯಾವುದು ಇಷ್ಟ, ಯಾವುದು ಬೋರು' ಅನ್ನಿ ಸಾಕು. ಅಕಸ್ಮಾತ್ ಏನಾದ್ರೂ ಹೇಳಿದ್ಲು ಅಂದ್ರೆ, ಯಾರಿಗೂ ಹೇಳಲ್ಲ ಅಂತ ಮಾತು ಕೊಡ್ಬೇಡಿ, ಕೊಟ್ರೆ ಮುರೀಬೇಕಾಗುತ್ತೆ. ಹೇಳಿದ್ದು ಒಳ್ಳೇದಾಯ್ತು, ನಿಂದೇನೂ ತಪ್ಪಿಲ್ಲ ಅನ್ನಿ, ಅವಳ ಮಾತನ್ನ ಅವಳದೇ ಪದಗಳಲ್ಲಿ ಅವತ್ತೇ ಬರೆದಿಡಿ ತಾರೀಕಿನ ಜೊತೆ, ಮತ್ತೆ ಮತ್ತೆ ಕೇಳಿ ಹೇಳ್ಸಬೇಡಿ. ಮೇಷ್ಟ್ರ ಹತ್ರ ಜಗಳಕ್ಕೆ ಹೋಗ್ಬೇಡಿ, ಎಚ್ಚರ ಮಾಡಿದ ಹಾಗಾಗುತ್ತೆ, ಮೆಸೇಜೂ ಡಿಲೀಟ್ ಆಗುತ್ತೆ. ನೇರ ಪೊಲೀಸ್ ಅಥವಾ ಮಕ್ಕಳ ಸಹಾಯವಾಣಿ.

ಇನ್ನೊಂದು ವಿಷಯ ಹೇಳ್ಲೇಬೇಕು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ 19ನೇ ವಿಧಿ ಮಗೂನ ಹಿಂಸೆಯಿಂದ ಕಾಪಾಡ್ಬೇಕು ಅನ್ನುತ್ತೆ, 31ನೇ ವಿಧಿ ಕಲೆ, ಆಟ, ಸಾಂಸ್ಕೃತಿಕ ಬದುಕಲ್ಲಿ ಪಾಲ್ಗೊಳ್ಳೋದು ಮಗೂನ ಹಕ್ಕು ಅನ್ನುತ್ತೆ. ಎರಡೂ ಒಂದೇ ಕಾಗದದಲ್ಲಿವೆ. ಹೆದರಿ ಕ್ಲಾಸ್ ಬಿಡ್ಸೋದು ಒಂದನ್ನ ಉಳಿಸೋಕೆ ಇನ್ನೊಂದನ್ನ ಕಿತ್ಕೊಂಡ ಹಾಗೆ, ಕೊನೇ ದಾರಿ ಆಗಿರ್ಲಿ ಅದು.

ನೇರಮಾತು:

ಸರಿ, ಒಪ್ಕೊಂಡೆ. ಆದ್ರೂ ರಾತ್ರಿ ಹತ್ತೂವರೆಗೆ ಹತ್ತು ವರ್ಷದ ಮಗೂಗೆ ಮೆಸೇಜ್ ಯಾಕೆ ಸ್ವಾಮಿ?

ಹೊರಗಿನ_ಬೆಂಚು:

ಎಲ್ಲರಿಗೂ ಥ್ಯಾಂಕ್ಸ್, ಹನ್ನೊಂದು ದಿನ ಆದ್ಮೇಲೆ ಬರೀತಿದ್ದೀನಿ, ಕ್ಷಮಿಸಿ.

ಎರಡನೇಸಾಲು ಅವ್ರು ಬರೆದಿದ್ದನ್ನ ಯಜಮಾನ್ರಿಗೆ ಓದಿ ಹೇಳ್ದೆ, ಕಡ್ಡಿ ಗುಡ್ಡದ ಮಾತು ಆಮೇಲೆ ಬರ್ಲಿಲ್ಲ. ಶನಿವಾರ ಇಬ್ಬರೂ ಹೋದ್ವಿ. ಕೇಳೋಕಿವಿ ಮೇಡಂ ಹೇಳಿದ ಹಾಗೆ ಮೆಸೇಜ್ ವಿಷಯ ಮನೆ ನಿಯಮ ಅಂತ ಹೇಳ್ದೆ, ಮೇಷ್ಟ್ರು ಒಂದು ಸೆಕೆಂಡ್ ಮುಖ ನೋಡಿ 'ಹೌದಲ್ವಾ, ನಾನು ಯೋಚ್ನೆನೇ ಮಾಡಿರ್ಲಿಲ್ಲ' ಅಂದ್ರು. ಅವತ್ತು ರಾತ್ರೀನೇ ಪೇರೆಂಟ್ಸ್ ಗ್ರೂಪ್ ಮಾಡಿದ್ರು. ಎಕ್ಸ್ಟ್ರಾ ರಿಹರ್ಸಲ್ ಬಗ್ಗೆ ಮಾತ್ರ ಸ್ವಲ್ಪ ಬಿಗಿಯಾದ್ರು, ನೀವು ಕೂತ್ರೆ ಅವಳು ನಿಮ್ಮನ್ನೇ ನೋಡ್ತಾಳೆ ಅಂದ್ರು. ಪರದೆಹಿಂದೆ ಸರ್ ಹೇಳಿದ ಮಾತು ನೆನಪಾಗಿ, ಹಾಗಾದ್ರೆ ಆ ಸೀನಲ್ಲಿರೋ ಇನ್ನೊಂದು ಹುಡುಗೀನೂ ಇರ್ಲಿ, ಕ್ಲಾಸಿಗೆ ಮುಂಚೆ ಇಟ್ಕೊಳ್ಳೋಣ ಅಂದೆ. ಒಪ್ಕೊಂಡ್ರು. ನಮ್ಮ ಜೊತೆ ಮೊದಲಿನಷ್ಟು ನಕ್ಕು ಮಾತಾಡ್ತಿಲ್ಲ, ಅದು ಗೊತ್ತಾಗುತ್ತೆ. ಇರ್ಲಿ. ಪಾತ್ರ ಮಗಳ ಹತ್ರಾನೇ ಇದೆ.

ಜಡೆ ಹಾಕ್ತಾ ಕೇಳ್ದೆ, ಯಾವುದು ಬೋರು ಅಂತ. ತುಂಬಾ ಹೊತ್ತು ರಿಬ್ಬನ್ ಜೊತೆ ಆಟ ಆಡಿ, 'ಎತ್ಕೊಂಡು ತಿರುಗಿಸೋ ಸ್ಟೆಪ್ ಇದೆಯಲ್ಲ, ಅದು ನಂಗೆ ಇಷ್ಟ ಇಲ್ಲ, ಹೊಟ್ಟೆ ಹತ್ರ ಹಿಡೀತಾರೆ, ಕಚಗುಳಿ ಆಗುತ್ತೆ' ಅಂದ್ಲು. ನಾನು ಅದನ್ನ ಹಾಗೇ ಬರೆದಿಟ್ಟಿದ್ದೀನಿ, ಅವಳ ಪದದಲ್ಲೇ, ತಾರೀಕಿನ ಜೊತೆ. ಅದರಲ್ಲಿ ಏನೂ ಇಲ್ಲದೇ ಇರಬಹುದು. ಆ ಸ್ಟೆಪ್ ಬೇಡ ಅಂತ ನಾನು ಹೇಳ್ಲಾ ಅಂದ್ರೆ, ಬೇಡ, ನಾನೇ ಹೇಳ್ತೀನಿ, ನೀನು ಅಲ್ಲೇ ಇರು ಅಂದ್ಲು. ನಿನ್ನೆ ಹೇಳಿದ್ಲು. ಸ್ಟೆಪ್ ಬದಲಾಗಿದೆ, ಈಗ ಇಬ್ಬರು ಹುಡುಗೀರೂ ಕೈ ಕೈ ಹಿಡ್ಕೊಂಡು ತಾವೇ ಸುತ್ತುತ್ತಾರೆ.

ಚಾರ್ಟ್ ಪೇಪರ್ ಕೇಳೋದು ಮರ್ತೇಹೋಗಿತ್ತು. ನಿನ್ನೆ ನೋಡಿದ್ರೆ ಇನ್ನೂ ಇದೆ. ಇನ್ನೊಬ್ಬರು ಅಮ್ಮನೂ ಅದನ್ನೇ ನೋಡ್ತಾ ನಿಂತಿದ್ರು, ಗುರುವಾರ ಇಬ್ಬರೂ ಸೇರಿ ಕೇಳ್ತೀವಿ.